ಮಗುವಿನ ಹೃದಯಕ್ಕೆ ಕಾರಣ ಹುಡುಕಿದ ಡಾ. ಪಾಂಪೆ

ಒಂಬತ್ತನೆಯ ತರಗತಿಯಲ್ಲಿ ಜೀವಕೋಶದ ಪಾಠ ಓದಿದ ನಮ್ಮ ಶಾಲೆಯ ಯಾವ ವಿದ್ಯಾರ್ಥಿಯನ್ನು ಕೇಳಿದರೂ ಲೈಸೋಸೋಮ್ ಎಂದರೆ ಆತ್ಮಹತ್ಯಾ ಸಂಚಿ ಎಂದು ಥಟ್ಟನೆ ಹೇಳುತ್ತಾರೆ. ಪರೀಕ್ಷೆಯಲ್ಲಿ ಅದಕ್ಕೆ ಒಂದು ಅಂಕ. ಅಂಕ ಸಿಕ್ಕ ಮೇಲೆ ಆ ಸಂಚಿಯನ್ನು ನಾವು ಪುಸ್ತಕದಲ್ಲೇ ಬಿಟ್ಟು ಬರುತ್ತೇವೆ. ಆದರೆ ಆ ಸಂಚಿಯಲ್ಲಿ ಇರಬೇಕಾದ ಹಲವು ಕಿಣ್ವಗಳ ಪೈಕಿ ಒಂದೇ ಒಂದು ಇಲ್ಲದೆ ಹೋದರೆ ಹಾಲು ಕುಡಿಯುವ ಮಗುವಿನ ಹೃದಯ ಊದಿಕೊಂಡು, ಮೈಯೆಲ್ಲ ಸೋತು, ವರ್ಷ ತುಂಬುವ ಮೊದಲೇ ಜೀವ ಹೋಗುತ್ತದೆ. ಅಂಥ ಒಂದು ಮಗುವಿನ ಸಾವಿಗೆ ನಿಜವಾದ ಕಾರಣ ಏನೆಂದು ಹುಡುಕಿದ ವೈದ್ಯರೊಬ್ಬರ ಜೀವನಚಿತ್ರ ಇದು. ಅವರ ಹೆಸರು ಡಾ. ಯೋಹಾನ್ನೆಸ್ ಕ್ಯಾಸಿಯಾನಸ್ ಪಾಂಪೆ. ಲೈಸೋಸೋಮ್‌ಗೆ ಆ ಹೆಸರು ಬಿದ್ದದ್ದು 1955ರಲ್ಲಿ. ಅದಕ್ಕೆ 10 ವರ್ಷ ಮೊದಲೇ ಪಾಂಪೆ ತೀರಿಹೋಗಿದ್ದರು.

ಸುವರ್ಣ ಮಹೋತ್ಸವದ ಸಂಚಿಕೆಗೆ ಮಹನೀಯರೊಬ್ಬರ ಜೀವನಚಿತ್ರ ಬೇಕೆಂದರೆ ಸರ್ ಎಂ. ವಿಶ್ವೇಶ್ವರಯ್ಯನವರು, ಸರ್ ಸಿ. ವಿ. ರಾಮನ್ ಅವರು ಮೊದಲು ನೆನಪಾಗುವುದು ಸಹಜ. ಅವರ ಚಿತ್ರಗಳು ಶಾಲೆಗಳ ಗೋಡೆಯ ಮೇಲಿವೆ, ಅವರ ಕಥೆ ನಮ್ಮ ಮಕ್ಕಳಿಗೆ ಗೊತ್ತಿದೆ. ಪಾಂಪೆಯವರ ಹೆಸರು ಜಗತ್ತಿನ ಎಲ್ಲ ಮಕ್ಕಳ ವೈದ್ಯರಿಗೂ ಗೊತ್ತು, ನಮ್ಮ ಹಳ್ಳಿಗಳಿಗೆ ಗೊತ್ತಿಲ್ಲ. ಆದರೆ ಅವರು ಕಂಡುಹಿಡಿದ ಸಂಗತಿ ನಂಜನಗೂಡು, ತಿರುಮಕೂಡಲು ನರಸೀಪುರದ ಕಡೆಯ ಮನೆಗಳಿಗೆ ಅವರ ದೇಶದ ಮನೆಗಳಿಗಿಂತ ಹೆಚ್ಚು ಹತ್ತಿರದ್ದು. ಅಕ್ಕನ ಮಗಳನ್ನು ತಮ್ಮನಿಗೆ ತಂದುಕೊಳ್ಳುವುದು, ಸೋದರತ್ತೆಯ ಮಗನಿಗೆ ಹೆಣ್ಣು ಕೊಡುವುದು ನಮ್ಮಲ್ಲಿ ಹಿಂದಿನಿಂದ ಬಂದ ಕಳ್ಳುಬಳ್ಳಿ. ಈ ಕಾಯಿಲೆಗೂ ಆ ಪದ್ಧತಿಗೂ ಇರುವ ನಂಟನ್ನು ಲೇಖನದ ಕೊನೆಯಲ್ಲಿ ಹೇಳುತ್ತೇನೆ.

ಹುಟ್ಟು ಮತ್ತು ಓದು

ಪಾಂಪೆ ಹುಟ್ಟಿದ್ದು 1901ರ ಸೆಪ್ಟೆಂಬರ್ 9ರಂದು, ನೆದರ್ಲೆಂಡ್ಸ್ ದೇಶದ ಉಟ್ರೆಕ್ಟ್ ಎಂಬ ಊರಿನಲ್ಲಿ. ನೆದರ್ಲೆಂಡ್ಸ್ ನಮ್ಮ ಕರ್ನಾಟಕದ ಸುಮಾರು ಐದನೆಯ ಒಂದು ಭಾಗದಷ್ಟು ವಿಸ್ತೀರ್ಣದ ಚಿಕ್ಕ ದೇಶ. ನೆಲದ ಸುಮಾರು ಕಾಲು ಭಾಗ ಸಮುದ್ರ ಮಟ್ಟಕ್ಕಿಂತ ಕೆಳಗೆ ಇದೆ. ಒಡ್ಡು ಕಟ್ಟಿ, ಕಾಲುವೆ ತೋಡಿ, ನೀರನ್ನು ಹೊರಗೆ ತಳ್ಳಿ ಬದುಕು ಕಟ್ಟಿಕೊಂಡ ಜನ ಅವರು. ಪಾಂಪೆ ತಮ್ಮ ಊರಿನ ವಿಶ್ವವಿದ್ಯಾಲಯದಲ್ಲೇ ವೈದ್ಯಕೀಯ ಓದಿದರು.

ಓದಿನ ನಂತರ ಅವರು ಆರಿಸಿಕೊಂಡದ್ದು ಪೆಥಾಲಜಿ ಎಂಬ ವಿಭಾಗ. ಈ ವಿಭಾಗದ ವೈದ್ಯರು ರೋಗಿಯ ಕೈಹಿಡಿದು ನಾಡಿ ನೋಡುವವರಲ್ಲ. ದೇಹದಿಂದ ತೆಗೆದ ಅಂಗಾಂಶದ ತುಣುಕನ್ನು ಸೂಕ್ಷ್ಮದರ್ಶಕದ ಕೆಳಗೆ ಇಟ್ಟು ರೋಗ ಯಾವುದೆಂದು ಹೇಳುವವರು, ಸತ್ತವರ ದೇಹವನ್ನು ಪರೀಕ್ಷಿಸಿ ಸಾವಿನ ಕಾರಣ ತಿಳಿಸುವವರು. ರೋಗಿಗಳಿಗೆ ಇವರ ಮುಖಪರಿಚಯ ಇರುವುದಿಲ್ಲ. ಗುಣವಾಗಿ ಮನೆಗೆ ಹೋಗುವವರ ಕೃತಜ್ಞತೆ ಇವರ ಪಾಲಿಗೆ ಬರುವುದೂ ಕಡಿಮೆ. ಆದರೆ ಸತ್ತವರಿಂದ ಕಲಿತು ಬದುಕಿರುವವರನ್ನು ಉಳಿಸುವ ದಾರಿ ಇವರ ಕೋಣೆಯಿಂದಲೇ ಶುರುವಾಗುತ್ತದೆ.

1930ರ ಡಿಸೆಂಬರ್ 27

ಆ ದಿನ ಪಾಂಪೆಯವರ ಮುಂದೆ ಏಳು ತಿಂಗಳ ಹೆಣ್ಣು ಮಗುವೊಂದರ ಶವಪರೀಕ್ಷೆಯ ಕೆಲಸ ಬಂತು. ಮಗು ನ್ಯುಮೋನಿಯಾದಿಂದ ತೀರಿಕೊಂಡಿತ್ತು. ಆಗಿನ್ನೂ ಪೆನಿಸಿಲಿನ್ ಬಳಕೆಗೆ ಬಂದಿರಲಿಲ್ಲ, ನ್ಯುಮೋನಿಯಾದಿಂದ ಎಳೆಯ ಮಕ್ಕಳು ಸಾಯುವುದು ಅಪರೂಪವೇನೂ ಆಗಿರಲಿಲ್ಲ. ಕಾಗದದ ಮೇಲೆ ಕಾರಣ ಬರೆದು ಮುಗಿಸಿದ್ದರೆ ಯಾರೂ ಪ್ರಶ್ನಿಸುತ್ತಿರಲಿಲ್ಲ. ಪಾಂಪೆಯವರಿಗೆ ಆಗ 29 ವರ್ಷ.

ಎದೆಯನ್ನು ತೆರೆದು ನೋಡಿದಾಗ ಆ ಮಗುವಿನ ಹೃದಯ ಇರಬೇಕಾದ ಗಾತ್ರಕ್ಕಿಂತ ತುಂಬ ದೊಡ್ಡದಾಗಿತ್ತು. ಹೃದಯ ದೊಡ್ಡದಾಗುವುದಕ್ಕೆ ಸಾಮಾನ್ಯವಾಗಿ ಒಂದು ಕಾರಣ ಇರುತ್ತದೆ. ಕವಾಟ ಸರಿ ಇಲ್ಲದಿದ್ದರೆ, ಗೋಡೆಯಲ್ಲಿ ತೂತು ಇದ್ದರೆ, ರಕ್ತನಾಳ ಇಕ್ಕಟ್ಟಾಗಿದ್ದರೆ ಹೃದಯ ಹೆಚ್ಚು ದುಡಿದು ದಪ್ಪವಾಗುತ್ತದೆ. ಕಾರಣ ಸಿಗದಿದ್ದರೆ ವೈದ್ಯರು ಅದಕ್ಕೆ ಕಾರಣ ತಿಳಿಯದ ಹೃದಯ ಹಿಗ್ಗುವಿಕೆ ಎಂದು ಹೆಸರು ಬರೆದು ಬಿಡುತ್ತಿದ್ದರು. ಹೆಸರಿಟ್ಟರೆ ರೋಗ ತಿಳಿದಂತಾಗುವುದಿಲ್ಲ. ಪಾಂಪೆ ಹೃದಯದ ಸ್ನಾಯುವಿನ ತೆಳುವಾದ ತುಣುಕುಗಳನ್ನು ತೆಗೆದು ಸೂಕ್ಷ್ಮದರ್ಶಕದಲ್ಲಿ ನೋಡಿದರು.

ಸ್ನಾಯು ಎಂದರೆ ಒತ್ತೊತ್ತಾಗಿ ಜೋಡಿಸಿದ ನಾರುಗಳು. ಇಲ್ಲಿ ಅವು ಮೀನಿನ ಬಲೆಯ ಹಾಗೆ ಕಣ್ಣು ಕಣ್ಣಾಗಿ ಕಂಡವು. ಪ್ರತಿ ನಾರಿನ ನಡುವೆಯೂ ಖಾಲಿ ಜಾಗ. ಆ ಜಾಗದಲ್ಲಿ ತುಂಬಿಕೊಂಡಿದ್ದು ಏನು ಎಂಬುದೇ ಪ್ರಶ್ನೆ. ಅದು ಗ್ಲೈಕೋಜನ್ ಎಂದು ಪರೀಕ್ಷೆಯಿಂದ ತಿಳಿಯಿತು. ಹೃದಯದಲ್ಲಿ ಮಾತ್ರವಲ್ಲ, ಬೇರೆ ಅಂಗಗಳಲ್ಲೂ ಅದು ತುಂಬಿಕೊಂಡಿತ್ತು.

1932ರಲ್ಲಿ ಪಾಂಪೆ ಈ ಮಗುವಿನ ಬಗ್ಗೆ ತಮ್ಮ ದೇಶದ ವೈದ್ಯಕೀಯ ಪತ್ರಿಕೆಯಲ್ಲಿ ಡಚ್ ಭಾಷೆಯಲ್ಲಿ ಬರೆದರು. ಅದೇ ವರ್ಷ ಬಿಷಾಫ್ ಮತ್ತು ಪುಟ್‌ಶಾರ್ ಎಂಬ ಇಬ್ಬರು ವೈದ್ಯರೂ ಬೇರೆ ಬೇರೆಯಾಗಿ ಇಂಥದೇ ಮಕ್ಕಳ ಬಗ್ಗೆ ಬರೆದರು. ಆದರೆ ಪಾಂಪೆ ಅಷ್ಟಕ್ಕೇ ನಿಲ್ಲಿಸದೆ ಆ ವಿಷಯವನ್ನೇ ಹಿಡಿದು ಮುಂದುವರಿಸಿ 1936ರಲ್ಲಿ ಡಾಕ್ಟರೇಟ್ ಪ್ರಬಂಧ ಸಲ್ಲಿಸಿದರು. ಗ್ಲೈಕೋಜನ್ ತುಂಬಿ ಹಿಗ್ಗಿದ ಹೃದಯ ಎಂಬುದೇ ಆ ಪ್ರಬಂಧದ ಲ್ಯಾಟಿನ್ ಶೀರ್ಷಿಕೆಯ ಅರ್ಥ. ಆಗಿನಿಂದ ಈ ಕಾಯಿಲೆಗೆ ಅವರ ಹೆಸರೇ ಉಳಿಯಿತು. ಇಂದು ಇದನ್ನು ಪಾಂಪೆ ಕಾಯಿಲೆ ಎನ್ನುತ್ತಾರೆ.

ಗ್ಲೈಕೋಜನ್ ಮತ್ತು ನಮ್ಮ ರಾಗಿ

ಗ್ಲೈಕೋಜನ್ ಎಂದರೇನು ಎಂಬುದನ್ನು ನಮ್ಮ ಅಡುಗೆಮನೆಯಿಂದಲೇ ತಿಳಿಯಬಹುದು. ಎಳೆಯ ಮಕ್ಕಳಿಗೆ ಕೊಡಲು ನಮ್ಮ ತಾಯಂದಿರು ರಾಗಿಯನ್ನು ನೆನೆಸಿ, ಬಟ್ಟೆಯಲ್ಲಿ ಕಟ್ಟಿ, ಮೊಳಕೆ ಬರಿಸಿ, ಒಣಗಿಸಿ, ಹುರಿದು ಹಿಟ್ಟು ಮಾಡುತ್ತಾರೆ. ಮೊಳಕೆ ಬರಿಸಿದ ರಾಗಿಯ ಗಂಜಿ ಬರೀ ರಾಗಿಯ ಗಂಜಿಯಷ್ಟು ಗಟ್ಟಿಯಾಗುವುದಿಲ್ಲ, ಸ್ವಲ್ಪ ಸಿಹಿಯಾಗಿಯೂ ಇರುತ್ತದೆ. ಸಕ್ಕರೆ ಹಾಕದೆ ಸಿಹಿ ಎಲ್ಲಿಂದ ಬಂತು? ಕಾಳಿನೊಳಗಿನ ಪಿಷ್ಟ ಎಂದರೆ ಸಕ್ಕರೆಯ ಅಣುಗಳನ್ನು ಉದ್ದಕ್ಕೂ ಪೋಣಿಸಿದ ಸರ. ಮೊಳಕೆ ಒಡೆಯುವಾಗ ಕಾಳು ಕಿಣ್ವಗಳನ್ನು ತಯಾರಿಸಿಕೊಂಡು ಆ ಸರವನ್ನು ಕತ್ತರಿಸುತ್ತದೆ. ಹೀಗೆ ಬಂದ ಸಕ್ಕರೆಗೆ ಮಾಲ್ಟೋಸ್ ಎಂದು ಹೆಸರು. ಅಂಗಡಿಯ ರಾಗಿ ಮಾಲ್ಟ್ ಡಬ್ಬದ ಮೇಲಿನ ಮಾಲ್ಟ್ ಎಂಬ ಮಾತೇ ಈ ಹೆಸರಿನ ಮೂಲ. ಮಾಲ್ಟೋಸನ್ನು ಇನ್ನೂ ಕತ್ತರಿಸಿ ಗ್ಲೂಕೋಸ್ ಮಾಡುವ ಕಿಣ್ವ ಮಾಲ್ಟೇಸ್.

ಗಿಡಗಳು ಸಕ್ಕರೆಯನ್ನು ಪಿಷ್ಟವಾಗಿ ಕೂಡಿಡುವ ಹಾಗೆ ಪ್ರಾಣಿಗಳು, ಮನುಷ್ಯರು ಗ್ಲೈಕೋಜನ್ ಆಗಿ ಕೂಡಿಡುತ್ತಾರೆ. ಯಕೃತ್ತಿನಲ್ಲೂ ಸ್ನಾಯುಗಳಲ್ಲೂ ಅದರ ಕಣಜ. ಹೊಲದಲ್ಲಿ ದುಡಿಯುವಾಗ, ಓಡುವಾಗ, ಉಪವಾಸ ಇರುವಾಗ ಈ ಕಣಜದಿಂದ ಗ್ಲೂಕೋಸ್ ಹೊರಬರುತ್ತದೆ. ಜೀವಕೋಶದ ಹಳೆಯ, ಬೇಡವಾದ ಭಾಗಗಳು ಲೈಸೋಸೋಮ್ ಎಂಬ ಸಂಚಿಗೆ ಹೋಗಿ ಅಲ್ಲಿ ಒಡೆದು ಮತ್ತೆ ಬಳಕೆಗೆ ಬರುತ್ತವೆ. ಆ ದಾರಿಯಲ್ಲಿ ಸ್ವಲ್ಪ ಗ್ಲೈಕೋಜನ್ ಕೂಡ ಸಂಚಿಯೊಳಗೆ ಹೋಗುತ್ತದೆ. ಅದನ್ನು ಕತ್ತರಿಸಲು ಅಲ್ಲಿ ಒಂದು ಕಿಣ್ವ ಇರಬೇಕು. ಅದು ಇಲ್ಲದಿದ್ದರೆ ಒಳಗೆ ಹೋದ ಗ್ಲೈಕೋಜನ್ ಹೊರಗೆ ಬರುವುದಿಲ್ಲ. ದಿನದಿಂದ ದಿನಕ್ಕೆ ಸಂಚಿ ಊದುತ್ತದೆ, ನಾರುಗಳನ್ನು ಒತ್ತುತ್ತದೆ, ಕೊನೆಗೆ ಸ್ನಾಯು ಬಲೆಯಂತಾಗುತ್ತದೆ. ಪಾಂಪೆ ಕಂಡದ್ದು ಇದನ್ನೇ. ಆದರೆ ಆಗ ಸಂಚಿಯೂ ಗೊತ್ತಿರಲಿಲ್ಲ, ಕಿಣ್ವವೂ ಗೊತ್ತಿರಲಿಲ್ಲ. ಕಂಡದ್ದನ್ನು ಕಂಡ ಹಾಗೆ ಬರೆದಿಟ್ಟು, ಕಾರಣವನ್ನು ಮುಂದಿನವರಿಗೆ ಬಿಟ್ಟರು.

ಯುದ್ಧದ ದಿನಗಳು

1939ರಲ್ಲಿ ಪಾಂಪೆ ಆಮ್‌ಸ್ಟರ್‌ಡ್ಯಾಮ್ ನಗರದ ಆಸ್ಪತ್ರೆಯೊಂದರಲ್ಲಿ ಪೆಥಾಲಜಿ ವೈದ್ಯರಾಗಿ ನೇಮಕವಾದರು. ಮರುವರ್ಷ, 1940ರ ಮೇ 10ರಂದು ಹಿಟ್ಲರನ ಜರ್ಮನಿ ನೆದರ್ಲೆಂಡ್ಸ್ ಮೇಲೆ ದಾಳಿ ಮಾಡಿತು. ಐದು ದಿನಗಳಲ್ಲಿ ದೇಶ ಶರಣಾಯಿತು. ಮುಂದಿನ ಐದು ವರ್ಷ ಆ ಜನ ಪರರ ಆಳ್ವಿಕೆಯಲ್ಲಿ ಬದುಕಿದರು. ಆ ದೇಶದಲ್ಲಿದ್ದ ಸುಮಾರು 1,40,000 ಯಹೂದಿಗಳಲ್ಲಿ 1 ಲಕ್ಷಕ್ಕೂ ಹೆಚ್ಚು ಜನರನ್ನು ಸಾಗಿಸಿ ಕೊಂದರು.

ವೈದ್ಯರ ಮೇಲೂ ಒತ್ತಡ ಬಂತು. ಜರ್ಮನ್ ಆಡಳಿತ ಕಟ್ಟಿದ ವೈದ್ಯರ ಸಂಘಕ್ಕೆ ಸೇರಬೇಕೆಂದು ಆಜ್ಞೆಯಾಯಿತು. 1943ರಲ್ಲಿ ಸಾವಿರಾರು ಡಚ್ ವೈದ್ಯರು ತಮ್ಮ ಮನೆಯ ಮುಂದಿನ ನಾಮಫಲಕದಲ್ಲಿ ವೈದ್ಯ ಎಂಬ ಪದವನ್ನೇ ಮುಚ್ಚಿಬಿಟ್ಟು, ಆ ಸಂಘಕ್ಕೆ ಸೇರುವುದಿಲ್ಲ ಎಂದು ತೋರಿಸಿದರು. ಅಂಥ ಕಾಲ ಅದು.

ಪಾಂಪೆ ಪ್ರತಿರೋಧ ಚಳವಳಿಗೆ ಸೇರಿದರು. ಯಹೂದಿಗಳಿಗೆ ಅಡಗಲು ಜಾಗ ಹುಡುಕಿಕೊಡಲು ನೆರವಾದರು. ಸಿಕ್ಕಿಬಿದ್ದರೆ ಆಶ್ರಯ ಕೊಟ್ಟವರಿಗೂ ಅಪಾಯ ಎಂಬುದು ಎಲ್ಲರಿಗೂ ಗೊತ್ತಿತ್ತು. 1944–45ರ ಚಳಿಗಾಲದಲ್ಲಿ ಆಹಾರ ಸಾಗಣೆ ನಿಂತು ದೇಶದ ಪಶ್ಚಿಮ ಭಾಗದಲ್ಲಿ ಭೀಕರ ಕ್ಷಾಮ ಬಂತು. ಸುಮಾರು 20,000 ಜನ ಹಸಿವಿನಿಂದ ಸತ್ತರು. ಜನ ಟುಲಿಪ್ ಹೂವಿನ ಗೆಡ್ಡೆಗಳನ್ನು ಬೇಯಿಸಿ ತಿಂದರು. ಆ ಚಳಿಗಾಲದಲ್ಲಿ ಪಾಂಪೆಯವರ ಪ್ರಯೋಗಾಲಯದಲ್ಲಿ ಒಂದು ರಹಸ್ಯ ರೇಡಿಯೋ ಯಂತ್ರ ಇತ್ತು. ಇಂಗ್ಲೆಂಡಿಗೆ ಸುದ್ದಿ ಕಳಿಸಲು ಚಳವಳಿಯವರು ಅದನ್ನು ಬಳಸುತ್ತಿದ್ದರು.

1945ರ ಫೆಬ್ರವರಿ 25, ಭಾನುವಾರ, ಜರ್ಮನ್ನರು ಆ ಯಂತ್ರವನ್ನು ಪತ್ತೆಹಚ್ಚಿದರು. ಪಾಂಪೆಯವರ ಬಂಧನವಾಯಿತು. ಏಳು ವಾರ ಸೆರೆಯಲ್ಲಿದ್ದರು. ಏಪ್ರಿಲ್ ತಿಂಗಳಲ್ಲಿ ಚಳವಳಿಯವರು ಸಿಂಟ್ ಪಾಂಕ್ರಾಸ್ ಎಂಬ ಹಳ್ಳಿಯ ಬಳಿ ರೈಲು ಸೇತುವೆಯೊಂದನ್ನು ಸ್ಫೋಟಿಸಿದರು. ಅದಕ್ಕೆ ಪ್ರತೀಕಾರವಾಗಿ ಜರ್ಮನ್ನರು ಸೆರೆಯಲ್ಲಿದ್ದ 20 ಜನರನ್ನು ಅಲ್ಲಿಗೆ ಕರೆತಂದು ಗುಂಡಿಕ್ಕಿ ಕೊಂದರು. ಆ ಸೇತುವೆಯ ಕೆಲಸದಲ್ಲಿ ಕೈಯಿಲ್ಲದಿದ್ದರೂ ಸೆರೆಯಲ್ಲಿದ್ದ ಕಾರಣಕ್ಕೇ ಪ್ರಾಣ ಕಳೆದುಕೊಂಡ ಆ 20 ಜನರಲ್ಲಿ ಡಾ. ಪಾಂಪೆ ಒಬ್ಬರು. ಅದು 1945ರ ಏಪ್ರಿಲ್ 15. ಅವರಿಗೆ 43 ವರ್ಷ. ಅದಾದ 20 ದಿನಕ್ಕೆ, ಮೇ 5ರಂದು ನೆದರ್ಲೆಂಡ್ಸ್ ಬಿಡುಗಡೆ ಹೊಂದಿತು.

ಅವರು ಬಿಟ್ಟುಹೋದ ಪ್ರಶ್ನೆ

ಪಾಂಪೆ ಬಿಟ್ಟುಹೋದ ಪ್ರಶ್ನೆಗೆ ಉತ್ತರ ಪಕ್ಕದ ದೇಶವಾದ ಬೆಲ್ಜಿಯಂನಿಂದ ಬಂತು. ಅಲ್ಲಿನ ಲೂವೆನ್ ವಿಶ್ವವಿದ್ಯಾಲಯದಲ್ಲಿ ಕ್ರಿಶ್ಚಿಯನ್ ಡಿ ಡ್ಯೂವ್ ಎಂಬ ವಿಜ್ಞಾನಿ ಇಲಿಯ ಯಕೃತ್ತಿನ ಕಿಣ್ವಗಳನ್ನು ಅಳೆಯುತ್ತಿದ್ದರು. 1949ರಲ್ಲಿ ಒಂದು ವಿಚಿತ್ರ ಕಂಡಿತು. ಒಂದು ಕಿಣ್ವದ ಕೆಲಸ ಆಗ ತಾನೇ ತಯಾರಿಸಿದ ದ್ರಾವಣದಲ್ಲಿ ತೀರ ಕಡಿಮೆ ಇತ್ತು. ಕೆಲವು ದಿನ ತಂಪು ಪೆಟ್ಟಿಗೆಯಲ್ಲಿ ಇಟ್ಟು ಮತ್ತೆ ಅಳೆದರೆ ಅದೇ ಕಿಣ್ವ ಎಷ್ಟೋ ಪಾಲು ಹೆಚ್ಚು ಕೆಲಸ ಮಾಡಿತು. ಹಳೆಯದಾದಂತೆ ಕಿಣ್ವ ಕೆಡಬೇಕು, ಇಲ್ಲಿ ಹೆಚ್ಚುತ್ತಿದೆ. ಆ ಕಿಣ್ವ ಯಾವುದೋ ಪೊರೆಯ ಚೀಲದೊಳಗೆ ಬಂದಿಯಾಗಿದೆ, ಪೊರೆ ಹರಿದಾಗ ಹೊರಗೆ ಬರುತ್ತಿದೆ ಎಂದು ಡಿ ಡ್ಯೂವ್ ಅರ್ಥ ಮಾಡಿಕೊಂಡರು. ಆ ಚೀಲಕ್ಕೆ 1955ರಲ್ಲಿ ಲೈಸೋಸೋಮ್ ಎಂದು ಹೆಸರಿಟ್ಟರು. 1974ರಲ್ಲಿ ಅವರಿಗೆ ನೊಬೆಲ್ ಬಹುಮಾನ ಬಂತು.

ಅದೇ ಲೂವೆನ್‌ನಲ್ಲಿ ಡಿ ಡ್ಯೂವ್ ಅವರ ಸಹೋದ್ಯೋಗಿ ಹೆನ್ರಿ ಹೆರ್ಸ್ ಎಂಬವರು 1963ರಲ್ಲಿ ಪಾಂಪೆ ಕಾಯಿಲೆಯ ಮಕ್ಕಳ ಅಂಗಾಂಶವನ್ನು ಪರೀಕ್ಷಿಸಿದರು. ಹುಳಿಯಾದ ದ್ರಾವಣದಲ್ಲಿ ಕೆಲಸ ಮಾಡುವ ಒಂದು ಮಾಲ್ಟೇಸ್ ಕಿಣ್ವ ಎಲ್ಲರಲ್ಲೂ ಇತ್ತು, ಈ ಮಕ್ಕಳಲ್ಲಿ ಮಾತ್ರ ಇರಲಿಲ್ಲ. ಲೈಸೋಸೋಮ್‌ನ ಒಳಗೆ ಹುಳಿ ಇರುತ್ತದೆ, ಈ ಕಿಣ್ವ ಇರಬೇಕಾದ ಜಾಗ ಅದೇ. ಹೀಗೆ ಲೈಸೋಸೋಮ್‌ನ ಕೊರತೆಯಿಂದ ಬರುವ ರೋಗ ಎಂದು ಗೊತ್ತಾದ ಮೊದಲ ಕಾಯಿಲೆ ಪಾಂಪೆಯವರದು. ಇಂದು ಅಂಥ ಕಾಯಿಲೆಗಳು 50ಕ್ಕೂ ಹೆಚ್ಚು ಗೊತ್ತಿವೆ. ಶವಪರೀಕ್ಷೆಯ ಮೇಜಿನಿಂದ ಈ ಉತ್ತರದವರೆಗೆ 33 ವರ್ಷ ಹಿಡಿಯಿತು.

ಕಿಣ್ವದ ಪ್ರಯಾಣ

ಈ ಕಿಣ್ವವನ್ನು ವಿಜ್ಞಾನಿಗಳು ಆಮ್ಲ ಆಲ್ಫಾ ಗ್ಲೂಕೋಸಿಡೇಸ್ ಎನ್ನುತ್ತಾರೆ. ಹಳೆಯ ಹೆಸರು ಆಮ್ಲ ಮಾಲ್ಟೇಸ್. ಇದನ್ನು ತಯಾರಿಸುವ ಸೂಚನೆ ನಮ್ಮ 17ನೆಯ ವರ್ಣತಂತುವಿನಲ್ಲಿದೆ. ಜೀವಕೋಶ ಮೊದಲು 952 ಅಮೈನೋ ಆಮ್ಲಗಳನ್ನು ಪೋಣಿಸಿ ಒಂದು ಉದ್ದನೆಯ ಪ್ರೋಟೀನ್ ಮಾಡುತ್ತದೆ. ಅದು ಎಂಡೋಪ್ಲಾಸ್ಮಿಕ್ ರೆಟಿಕ್ಯುಲಮ್ ಎಂಬ ಜಾಲದೊಳಗೆ ಹೋಗಿ ಸರಿಯಾಗಿ ಮಡಿಸಿಕೊಳ್ಳಬೇಕು. ಅಲ್ಲಿ ಅದರ ಮೈಮೇಲೆ ಏಳು ಕಡೆ ಸಕ್ಕರೆಯ ಸರಪಳಿಗಳು ಅಂಟುತ್ತವೆ. ಮುಂದೆ ಗಾಲ್ಗಿ ಸಂಕೀರ್ಣದಲ್ಲಿ ಆ ಸರಪಳಿಗಳಿಗೆ ಮ್ಯಾನೋಸ್ ಸಿಕ್ಸ್ ಫಾಸ್ಫೇಟ್ ಎಂಬ ಗುರುತು ಬೀಳುತ್ತದೆ.

ಈ ಗುರುತು ನಾವು ಕಾಗದದ ಮೇಲೆ ಬರೆಯುವ ಪಿನ್‌ಕೋಡ್ ಇದ್ದ ಹಾಗೆ. 571301 ಎಂದು ಬರೆದ ಕಾಗದ ನಂಜನಗೂಡಿಗೆ ಹೋಗುತ್ತದೆ, 571124 ಎಂದರೆ ತಿ. ನರಸೀಪುರಕ್ಕೆ. ಮ್ಯಾನೋಸ್ ಸಿಕ್ಸ್ ಫಾಸ್ಫೇಟ್ ಗುರುತಿದ್ದ ಪ್ರೋಟೀನು ಲೈಸೋಸೋಮ್‌ಗೆ ಹೋಗುತ್ತದೆ. ಗುರುತನ್ನು ಓದಿ ಎತ್ತಿಕೊಂಡು ಹೋಗುವ ವಾಹಕಗಳು ಜೀವಕೋಶದಲ್ಲಿವೆ.

ತಲುಪಿದ ಮೇಲೂ ಒಂದು ಕೆಲಸ ಬಾಕಿ. ಕುಲುಮೆಯಿಂದ ತಂದ ಹೊಸ ಕುಡುಗೋಲು ಸಾಣೆ ಹಿಡಿದ ಮೇಲೆ ಚೆನ್ನಾಗಿ ಕೊಯ್ಯುವ ಹಾಗೆ, ಈ ಪ್ರೋಟೀನನ್ನು ಸಂಚಿಯೊಳಗೆ ಹಂತ ಹಂತವಾಗಿ ಕತ್ತರಿಸಲಾಗುತ್ತದೆ. ಹೊರಟಾಗ ಅದರ ತೂಕ ಸುಮಾರು 110 ಕಿಲೋಡಾಲ್ಟನ್. ಕತ್ತರಿಸಿದ ಮೇಲೆ 95, ಆಮೇಲೆ 76 ಮತ್ತು 70. ಕಿಲೋಡಾಲ್ಟನ್ ಎಂದರೆ ಅಣುಗಳನ್ನು ತೂಗುವ ಅಳತೆ. ಹೀಗೆ ಪಕ್ವವಾದ ಕಿಣ್ವಕ್ಕೆ ಗ್ಲೈಕೋಜನ್ ಅನ್ನು ಹಿಡಿದು ಕತ್ತರಿಸುವ ಶಕ್ತಿ ಹೆಚ್ಚು. 2017ರಲ್ಲಿ ಈ ಕಿಣ್ವದ ಪೂರ್ಣ ಆಕಾರವನ್ನು ಹರಳು ಮಾಡಿ, ಎಕ್ಸ್-ಕಿರಣಗಳ ಮೂಲಕ ನೋಡಿದರು.

ಇಷ್ಟು ದೂರದ ಪ್ರಯಾಣದಲ್ಲಿ ಎಲ್ಲಿ ತಪ್ಪಾದರೂ ರೋಗ ಬರುತ್ತದೆ. ಕೆಲವು ಕುಟುಂಬಗಳಲ್ಲಿ ಕಿಣ್ವ ತಯಾರಾಗುವುದೇ ಇಲ್ಲ. ಇನ್ನು ಕೆಲವು ಕುಟುಂಬಗಳಲ್ಲಿ ತಯಾರಾಗುತ್ತದೆ, ಆದರೆ ಮಡಿಕೆ ತಪ್ಪಿ ಜಾಲದಲ್ಲೇ ಸಿಕ್ಕಿಕೊಳ್ಳುತ್ತದೆ. ಪೂರಾ ಇಲ್ಲದವರಿಗೆ ಎಳೆತನದಲ್ಲೇ ಕಾಯಿಲೆ. ಸ್ವಲ್ಪ ಉಳಿದವರಿಗೆ ದೊಡ್ಡವರಾದ ಮೇಲೆ ಮೆಟ್ಟಿಲು ಹತ್ತಲಾಗದ, ಮಲಗಿದರೆ ಉಸಿರು ಕಟ್ಟುವ ತೊಂದರೆ.

ಔಷಧ ಬಂದ ದಾರಿ

ಕಿಣ್ವ ಇಲ್ಲದಿದ್ದರೆ ಹೊರಗಿನಿಂದ ಕೊಡಬಾರದೇ ಎಂದು ಬೆಲ್ಜಿಯಂನವರು 1960ರ ದಶಕದಲ್ಲೇ ಪ್ರಯತ್ನಿಸಿದರು. ಶಿಲೀಂಧ್ರದಿಂದ ತೆಗೆದ ಕಿಣ್ವವನ್ನು ಮಗುವಿಗೆ ಚುಚ್ಚಿದರು. ಪ್ರಯೋಜನವಾಗಲಿಲ್ಲ. ಪಿನ್‌ಕೋಡ್ ಇಲ್ಲದ ಕಾಗದ ಊರು ಸೇರಲಿಲ್ಲ ಎಂದು ಇಂದು ಹೇಳಬಹುದು. ಗುರುತಿನ ವಿಷಯ ಆಗ ಗೊತ್ತಿರಲಿಲ್ಲ. ಅದು ತಿಳಿದ ಮೇಲೆ ದಾರಿ ತೆರೆಯಿತು. ಜೀವಕೋಶದ ಹೊರಮೈಯಲ್ಲೂ ಅದೇ ಗುರುತನ್ನು ಓದುವ ವಾಹಕಗಳಿವೆ. ಗುರುತಿರುವ ಕಿಣ್ವ ರಕ್ತದಲ್ಲಿ ಬಂದರೆ ಅವು ಹಿಡಿದು ಒಳಗಿನ ಸಂಚಿಗೆ ಸೇರಿಸುತ್ತವೆ.

ಪಾಂಪೆಯವರ ದೇಶದಲ್ಲೇ, ರೋಟರ್‌ಡ್ಯಾಮ್ ನಗರದಲ್ಲಿ ವೈದ್ಯರು ಮನುಷ್ಯರ ಈ ಕಿಣ್ವವನ್ನು ಹಾಲಿನಲ್ಲಿ ಕೊಡುವ ಮೊಲಗಳನ್ನು ಬಳಸಿದರು. 1999ರಲ್ಲಿ ನಾಲ್ಕು ಎಳೆಯ ಮಕ್ಕಳಿಗೆ ಆ ಕಿಣ್ವವನ್ನು ಕೊಟ್ಟಾಗ ಹಿಗ್ಗಿದ ಹೃದಯ ಕುಗ್ಗತೊಡಗಿತು. ನಂತರ ಪ್ರಯೋಗಾಲಯದಲ್ಲಿ ಬೆಳೆಸಿದ ಹ್ಯಾಮ್‌ಸ್ಟರ್ ಎಂಬ ಪ್ರಾಣಿಯ ಜೀವಕೋಶಗಳಿಂದ ತಯಾರಿಸಿದ ಕಿಣ್ವಕ್ಕೆ 2006ರಲ್ಲಿ ಯುರೋಪಿನಲ್ಲೂ ಅಮೆರಿಕದಲ್ಲೂ ಅನುಮತಿ ಸಿಕ್ಕಿತು. ಎರಡು ವಾರಕ್ಕೊಮ್ಮೆ ಡ್ರಿಪ್ ಮೂಲಕ ಕೊಡಬೇಕು, ಜೀವಮಾನವಿಡೀ ಕೊಡಬೇಕು. ಪೂರ್ಣ ಗುಣ ಮಾಡುವ ಔಷಧವಲ್ಲ. ಆದರೂ ಮೊದಲ ಹುಟ್ಟುಹಬ್ಬ ಕಾಣದಿದ್ದ ಮಕ್ಕಳು ಇಂದು ಶಾಲೆಗೆ ಹೋಗುತ್ತಿದ್ದಾರೆ. ಎಷ್ಟು ಬೇಗ ಶುರು ಮಾಡಿದರೆ ಅಷ್ಟು ಒಳ್ಳೆಯದು. ತೈವಾನ್ ದೇಶದಲ್ಲಿ 2005ರಿಂದಲೇ ಹುಟ್ಟಿದ ಶಿಶುಗಳ ರಕ್ತದ ಹನಿಯಲ್ಲಿ ಈ ಕಾಯಿಲೆಯನ್ನು ಹುಡುಕುತ್ತಿದ್ದಾರೆ.

ನಮ್ಮ ಊರಿಗೆ ಏನು ಸಂಬಂಧ

ಪ್ರತಿಯೊಬ್ಬರಿಗೂ ಈ ಕಿಣ್ವದ ಸೂಚನೆ ಎರಡು ಪ್ರತಿ ಇರುತ್ತದೆ, ತಂದೆಯಿಂದ ಒಂದು, ತಾಯಿಯಿಂದ ಒಂದು. ಒಂದು ಪ್ರತಿ ಕೆಟ್ಟಿದ್ದರೂ ಇನ್ನೊಂದು ಸಾಕು. ಅಂಥವರು ಆರೋಗ್ಯವಾಗಿರುತ್ತಾರೆ, ತಮ್ಮಲ್ಲಿ ಕೆಟ್ಟ ಪ್ರತಿ ಇದೆ ಎಂಬುದೇ ಅವರಿಗೆ ಗೊತ್ತಿರುವುದಿಲ್ಲ. ಗಂಡ ಹೆಂಡತಿ ಇಬ್ಬರಲ್ಲೂ ಒಂದೊಂದು ಕೆಟ್ಟ ಪ್ರತಿ ಇದ್ದರೆ ಹುಟ್ಟುವ ಪ್ರತಿ ಮಗುವಿಗೂ ನಾಲ್ಕರಲ್ಲಿ ಒಂದು ಪಾಲು ಅಪಾಯ. ಒಂದೇ ಅಜ್ಜಿಯ ಕಡೆಯಿಂದ ಇಬ್ಬರಿಗೂ ಅದೇ ಕೆಟ್ಟ ಪ್ರತಿ ಬಂದಿರುವ ಸಂಭವ ಹತ್ತಿರದ ಸಂಬಂಧದಲ್ಲಿ ಹೆಚ್ಚು.

ಕರ್ನಾಟಕದಲ್ಲಿ ಸುಮಾರು ಕಾಲು ಭಾಗ ಮದುವೆಗಳು ರಕ್ತಸಂಬಂಧದಲ್ಲೇ ಆಗುತ್ತವೆ ಎಂದು ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆ ಹೇಳುತ್ತದೆ. ಸೋದರಿಕೆಯಲ್ಲಿ ಮದುವೆಯಾದವರ ಮಕ್ಕಳಿಗೆಲ್ಲ ಕಾಯಿಲೆ ಬರುತ್ತದೆ ಎಂದು ಇದರ ಅರ್ಥವಲ್ಲ. ಅವರಲ್ಲಿ ಹೆಚ್ಚಿನವರ ಮಕ್ಕಳು ಚೆನ್ನಾಗಿಯೇ ಇದ್ದಾರೆ. ಸಂಬಂಧವೇ ಇಲ್ಲದವರ ಮನೆಯಲ್ಲೂ ಈ ಕಾಯಿಲೆ ಬರಬಹುದು. ಆದರೆ ಒಂದು ಮನೆಯಲ್ಲಿ ಎಳೆಯ ಮಗುವೊಂದು ಹೀಗೆ ತೀರಿಕೊಂಡಿದ್ದರೆ, ಆ ಕುಟುಂಬದಲ್ಲಿ ಮುಂದಿನ ಮದುವೆಗೆ, ಮುಂದಿನ ಬಸಿರಿಗೆ ಮೊದಲು ವೈದ್ಯರನ್ನು ಕೇಳುವುದು ವಿವೇಕ.

ನಮ್ಮ ಕಡೆ ಇಂಥ ಸಾವಿಗೆ ಹೇಳುವ ಮಾತುಗಳು ಎಲ್ಲರಿಗೂ ಗೊತ್ತು. ಮಗು ದಕ್ಕಲಿಲ್ಲ, ಬಾಲಗ್ರಹ ಬಡಿಯಿತು, ದೃಷ್ಟಿ ತಾಕಿತು. ಎರಡನೆಯ ಮಗುವೂ ಹಾಗೇ ಹೋದರೆ ಮಾತು ಸೊಸೆಯ ಕಾಲ್ಗುಣದ ಮೇಲೆ ಬರುತ್ತದೆ. ಮಗುವನ್ನು ಕಳೆದುಕೊಂಡ ತಾಯಿ ಆ ಮಾತನ್ನೂ ಹೊರಬೇಕು. ಕೆಟ್ಟ ಪ್ರತಿ ತಂದೆ ತಾಯಿ ಇಬ್ಬರ ಕಡೆಯಿಂದಲೂ ಬಂದದ್ದು, ಇಬ್ಬರದೂ ತಪ್ಪಲ್ಲ ಎಂಬ ಒಂದು ಸಂಗತಿ ನಮ್ಮ ಹಳ್ಳಿಗಳಿಗೆ ತಿಳಿದರೆ ಎಷ್ಟೋ ಹೆಣ್ಣುಮಕ್ಕಳ ಕಣ್ಣೀರು ಕಡಿಮೆಯಾಗುತ್ತದೆ. ಪಾಂಪೆಯವರ ಕೆಲಸದಿಂದ ನಮಗೆ ಸಿಗುವ ಮೊದಲ ಲಾಭ ಇದು. ಇದಕ್ಕೆ ಹಣ ಬೇಡ.

ಎರಡನೆಯದು, ಗುರುತುಗಳನ್ನು ತಿಳಿದಿರುವುದು. ಐದು ತಿಂಗಳಾದರೂ ಮಗುವಿನ ಕತ್ತು ನಿಲ್ಲುವುದಿಲ್ಲ, ಎತ್ತಿಕೊಂಡರೆ ಕೈಕಾಲು ಜೋತುಬೀಳುತ್ತವೆ, ಹಾಲು ಎಳೆಯಲು ಶಕ್ತಿ ಸಾಲದು, ಮತ್ತೆ ಮತ್ತೆ ಎದೆ ಕಟ್ಟುತ್ತದೆ, ಉಸಿರಾಟ ಕಷ್ಟ, ನಾಲಿಗೆ ದಪ್ಪ. ಇಂಥ ಮಗುವನ್ನು ತಡಮಾಡದೆ ಮಕ್ಕಳ ವೈದ್ಯರಿಗೆ ತೋರಿಸಬೇಕು. ಎದೆಯ ಎಕ್ಸ್-ರೇಯಲ್ಲಿ ಹೃದಯ ದೊಡ್ಡದಾಗಿ ಕಂಡರೆ, ಒಣಗಿಸಿದ ರಕ್ತದ ಹನಿಯಲ್ಲಿ ಕಿಣ್ವವನ್ನು ಅಳೆಯುವ ಪರೀಕ್ಷೆ ಇದೆ. ನಂಜುಂಡೇಶ್ವರನಿಗೆ, ಗುಂಜಾ ನರಸಿಂಹಸ್ವಾಮಿಗೆ ಹರಕೆ ಹೊರುವವರು ಹೊರಲಿ. ಹರಕೆ ಹೊತ್ತ ಕೈಯಲ್ಲೇ ಮೈಸೂರಿನ ಬಸ್ಸು ಹತ್ತಿ ಮಗುವನ್ನು ತೋರಿಸಲಿ. ಎರಡಕ್ಕೂ ವಿರೋಧವಿಲ್ಲ.

ಮೂರನೆಯದು ಹಣದ ಪ್ರಶ್ನೆ. ಈ ಔಷಧ ಸಾಮಾನ್ಯ ಮನೆಯವರ ಕೈಗೆ ಎಟುಕುವಂಥದ್ದಲ್ಲ. ಭಾರತ ಸರ್ಕಾರ 2021ರಲ್ಲಿ ಅಪರೂಪದ ಕಾಯಿಲೆಗಳ ರಾಷ್ಟ್ರೀಯ ನೀತಿಯನ್ನು ತಂದಿತು. ಅದರ ಪ್ರಕಾರ ಗುರುತಿಸಿದ ಕೇಂದ್ರಗಳ ಮೂಲಕ ಒಬ್ಬ ರೋಗಿಗೆ 50 ಲಕ್ಷ ರೂಪಾಯಿವರೆಗೆ ನೆರವು ಸಿಗುತ್ತದೆ. ಬೆಂಗಳೂರಿನ ಮಾನವ ತಳಿವಿಜ್ಞಾನ ಕೇಂದ್ರವು ಇಂದಿರಾ ಗಾಂಧಿ ಮಕ್ಕಳ ಆಸ್ಪತ್ರೆಯೊಂದಿಗೆ ಅಂಥ ಕೇಂದ್ರಗಳಲ್ಲಿ ಒಂದು. ಮಗು ಬೆಳೆದಂತೆ ತೂಕ ಹೆಚ್ಚುತ್ತದೆ, ತೂಕಕ್ಕೆ ತಕ್ಕಂತೆ ಔಷಧವೂ ಹೆಚ್ಚುತ್ತದೆ, ಒಂದು ಸಲದ ನೆರವು ಜೀವಮಾನಕ್ಕೆ ಸಾಲುವುದಿಲ್ಲ. ಇದನ್ನು ಕೇಳುವ ದನಿ ನಮ್ಮ ಜಿಲ್ಲೆಗಳಿಂದಲೂ ಏಳಬೇಕು. ನಮ್ಮ ಶಾಲೆಯಲ್ಲಿ ಓದಿ ವೈದ್ಯರು, ದಾದಿಯರು, ಆಶಾ ಕಾರ್ಯಕರ್ತೆಯರು, ಪಂಚಾಯಿತಿ ಸದಸ್ಯರು ಆದವರು ಈ ಮಾತನ್ನು ಮುಂದಕ್ಕೆ ಒಯ್ಯಬಹುದು.

ಏಪ್ರಿಲ್ 15

ಡಾ. ಪಾಂಪೆ ಒಂದು ಮಗುವನ್ನೂ ಗುಣಪಡಿಸಲಿಲ್ಲ. ತಾವು ಬರೆದ ಕಾಯಿಲೆಯ ಕಾರಣವನ್ನೂ ಅವರು ತಿಳಿಯಲಿಲ್ಲ. ಹೆಸರಿಲ್ಲದ ಏಳು ತಿಂಗಳ ಮಗುವಿನ ಸಾವನ್ನು ನ್ಯುಮೋನಿಯಾ ಎಂದು ಬರೆದು ಮುಗಿಸದೆ, ಆ ಪುಟ್ಟ ಹೃದಯಕ್ಕೆ ಏನಾಯಿತು ಎಂದು ಕೇಳಿದರು. ಯುದ್ಧದ ಕಾಲದಲ್ಲಿ ಬೇರೆಯವರ ಮಕ್ಕಳನ್ನು ಸಾಗಿಸಿಕೊಂಡು ಹೋಗುವುದನ್ನು ಕಂಡು ಸುಮ್ಮನಿರಲಿಲ್ಲ. ಅವರು ಬರೆದಿಟ್ಟ ಪುಟಗಳ ಮೇಲೆ ಬೇರೆಯವರು ಉತ್ತರ ಕಟ್ಟಿದರು.

ಅವರು ಪ್ರಾಣ ಕೊಟ್ಟ ಏಪ್ರಿಲ್ 15ನ್ನು ಇಂದು ಹಲವು ದೇಶಗಳಲ್ಲಿ ಪಾಂಪೆ ದಿನವೆಂದು ಆಚರಿಸುತ್ತಾರೆ. ಆ ದಿನ ನಮ್ಮ ಶಾಲೆಗೆ ಬೇಸಿಗೆ ರಜೆ. ಆದ್ದರಿಂದ ವಿಜ್ಞಾನ ಶಿಕ್ಷಕರಲ್ಲಿ ಒಂದು ವಿನಂತಿ. ಒಂಬತ್ತನೆಯ ತರಗತಿಯಲ್ಲಿ ಜೀವಕೋಶದ ಪಾಠ ಬರುವ ದಿನ, ಲೈಸೋಸೋಮ್‌ನ ಒಂದು ಅಂಕದ ಉತ್ತರ ಬರೆಸಿದ ಮೇಲೆ, ಐದು ನಿಮಿಷ ಈ ವೈದ್ಯರ ಕಥೆಯನ್ನು ಮಕ್ಕಳಿಗೆ ಹೇಳಿ. ಅವರು ಸಂಜೆ ಮನೆಗೆ ಹೋಗಿ ಅಮ್ಮನಿಗೆ, ಅಜ್ಜಿಗೆ ಹೇಳುತ್ತಾರೆ. ಅಷ್ಟಾದರೆ ಯಾವುದಾದರೂ ಒಂದು ಮನೆಯಲ್ಲಿ ಒಂದು ಮಗುವಿಗೆ ಸಮಯಕ್ಕೆ ಪರೀಕ್ಷೆಯಾಗಬಹುದು.